ಬೆರಳು ಬೆಳೆಸಲು ಮೂರು ವಾರ

ಯಂಕವ್ವನ ಬಲಗೈ ಹೆಬ್ಬೆರಳಿನ ಗೆರೆಗಳಲ್ಲಿ ಒಂದು ಶಂಖವಿತ್ತು. ಮದುವೆಗೆ ಮುಂಚೆ, ಬಾದಾಮಿ ಕಡೆಯ ಅವಳ ಊರಿನಲ್ಲಿ, ಸೋದರತ್ತೆ ಆ ಬೆರಳನ್ನು ಬೆಳಕಿಗೆ ಹಿಡಿದು, "ಶಂಖ ಐತಿ ನೋಡ, ಕುಂತಲ್ಲೇ ಉಣ್ಣೂ ಯೋಗ" ಎಂದಿದ್ದಳು. ಮಾತು ಸುಳ್ಳಾಗಲಿಲ್ಲ. ಇಪ್ಪತ್ತೊಂದು ವರ್ಷದಿಂದ ಯಂಕವ್ವ ಕುಳಿತೇ ಉಂಡಿದ್ದಾಳೆ. ಕಾರ್ಕಳಕ್ಕೆ ತಾಗಿಕೊಂಡಿರುವ ಕುಕ್ಕುಂದೂರಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಂದು ಮರದ ಮಣೆಯ ಮೇಲೆ ಕುಳಿತು ಬೀಜ ಒಡೆಯುವುದು ಅವಳ ಯೋಗ. ಶಂಖ ಮಾತ್ರ ಮೊದಲ ವರ್ಷವೇ ಅಳಿಸಿಹೋಯಿತು.

ಗೇರುಬೀಜದ ಗಟ್ಟಿ ಸಿಪ್ಪೆಯೊಳಗೆ ಕಪ್ಪು ಎಣ್ಣೆಯೊಂದು ಇರುತ್ತದೆ. ತಿನ್ನುವವರಿಗೆ ಅದರ ಪರಿಚಯವಿಲ್ಲ. ಅವರ ತಟ್ಟೆಗೆ ಬರುವಷ್ಟರಲ್ಲಿ ಗೋಡಂಬಿ ಮಿಂದು ಮಡಿಯಾಗಿರುತ್ತದೆ. ಒಡೆಯುವವರ ಬೆರಳಿಗೆ ಆ ಎಣ್ಣೆ ಮೊದಲು ಉರಿ ಕೊಡುತ್ತದೆ, ಆಮೇಲೆ ಚರ್ಮ ಎಬ್ಬಿಸುತ್ತದೆ, ಕೊನೆಗೆ ಬೂದಿ, ತೆಂಗಿನೆಣ್ಣೆ ಯಾವುದಕ್ಕೂ ಸೊಪ್ಪು ಹಾಕದೆ ತುದಿಯನ್ನು ಅಂಗಿಯ ಗುಂಡಿಯಂತೆ ನುಣುಪು ಮಾಡಿಬಿಡುತ್ತದೆ. ಗ್ಲೌಸು ಕೊಟ್ಟಿದ್ದರು. ಗ್ಲೌಸಿನಲ್ಲಿ ಬೀಜ ಜಾರುತ್ತದೆ, ಜಾರಿದರೆ ತುಂಡಾಗುತ್ತದೆ, ತುಂಡಾದರೆ ಬೈಗುಳ. ಯಂಕವ್ವನ ಕೈಯಲ್ಲಿ ಒಂದು ಬೀಜವೂ ತುಂಡಾಗುತ್ತಿರಲಿಲ್ಲ. ಶೆಡ್ಡಿನ ಕಿರಿಯ ಹೆಂಗಸರೆಲ್ಲ ಕಾಲಲ್ಲಿ ಮೆಟ್ಟುವ ಕಟ್ಟಿಂಗ್ ಮಷಿನಿಗೆ ಹೋದ ಮೇಲೂ ಅವಳು ಮರದ ಕೊಡತಿಯನ್ನೇ ಹಿಡಿದಿದ್ದಳು.

ಮೊದಲ ವಾರದ ಉರಿಗೆ ಅತ್ತುಕೊಂಡು ಊರಿಗೆ ಹೊರಟಿದ್ದವಳನ್ನು ನಿಲ್ಲಿಸಿದ್ದು ಪಕ್ಕದ ಶೆಡ್ಡಿನಲ್ಲಿ ಬೀಜದ ಒಳಸಿಪ್ಪೆ ಸುಲಿಯುವ ಆಸ್ಯಾ. ಕಾಪುವಿನ ಬ್ಯಾರಿ ಮುಸ್ಲಿಮರ ಮನೆಗೆ ಸೇರಿದವಳು, ಯಂಕವ್ವನಿಗಿಂತ ಎರಡು ವರ್ಷ ಚಿಕ್ಕವಳು. ಮದರಂಗಿ ಸೊಪ್ಪು ಅರೆದು ತಂದು ಹತ್ತೂ ಬೆರಳ ತುದಿಗೆ ಟೊಪ್ಪಿಯಂತೆ ಕಟ್ಟಿದ್ದಳು. "ಇದು ಹಚ್ಚಿದರೆ ಚರ್ಮ ಗಟ್ಟಿಯಾಗ್ತದೆ ಯಂಕಕ್ಕ, ಎಣ್ಣೆ ಅಷ್ಟು ತಾಗುವುದಿಲ್ಲ." ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಹಬ್ಬ, ಮದುವೆ, ಬಾಣಂತನ ಯಾವುದೇ ಇರಲಿ, ರಜೆ ಮುಗಿಸಿ ಮತ್ತೆ ಮಣೆಗೆ ಕೂರುವವರ ಬೆರಳಿಗೆ ಹಿಂದಿನ ದಿನ ಆಸ್ಯಾಳ ಮದರಂಗಿ ಬೀಳಲೇಬೇಕು. ಆ ಶೆಡ್ಡಿನಲ್ಲಿ ಮದರಂಗಿ ಬಣ್ಣವಲ್ಲ, ಔಷಧ.

ಕಲ್ಲು ಕಟ್ಟುವ ಕೆಲಸಕ್ಕೆಂದು ಅವಳನ್ನು ಘಟ್ಟ ಇಳಿಸಿ ಕರೆತಂದ ಗಂಡ ಬೀರಪ್ಪ, ಆರು ವರ್ಷದ ಹಿಂದೆ ಮಣಿಪಾಲದಲ್ಲಿ ಒಂದು ಕಟ್ಟಡದ ಸಾರವೆಯಿಂದ ಬಿದ್ದಿದ್ದ. ಎಡಗೈ ಇದ್ದಲ್ಲೇ ಇತ್ತು, ಆದರೆ ಭುಜದ ಮಾತು ಕೇಳುತ್ತಿರಲಿಲ್ಲ. ಅಲ್ಲಿಂದ ಮಣೆ ಉಳಿದರೆ ಮನೆ ಎಂಬ ಲೆಕ್ಕ. ಮಣೆಗೆ ಕೂರುವ ಮುಂಚೆ ಕಾರ್ಡಿಗೆ ಕೊಟ್ಟಿದ್ದ ಗುರುತು ಅಳಿಸಿಹೋಗಿ, ರೇಷನ್ ಅಂಗಡಿಯ ಮಷಿನು ಯಂಕವ್ವನ ಬೆರಳನ್ನು ಬೆರಳೆಂದೇ ಒಪ್ಪದ ಕಾರಣ ಬೀರಪ್ಪ ತಿಂಗಳಿಗೊಮ್ಮೆ ಹೋಗಿ ತನ್ನ ಹೆಬ್ಬೆಟ್ಟು ಒತ್ತಿ ಅಕ್ಕಿ ತರುತ್ತಿದ್ದ. "ಮನ್ಯಾಗ ಬೆರಳಿರಾಂವ ನಾ ಒಬ್ಬನs" ಎಂದು ಜಂಬ ಕೊಚ್ಚುತ್ತಿದ್ದ. ಅವನಿಗೂ ಕೊಚ್ಚಲಿಕ್ಕೆ ಏನಾದರೂ ಬೇಕಲ್ಲ.

ಒಡೆದ ಸಿಪ್ಪೆ ಗಾಣಕ್ಕೆ ಹೋಗಿ ಎಣ್ಣೆಯಾಗುತ್ತಿತ್ತು. ಆ ಎಣ್ಣೆಯನ್ನು ಡ್ರಮ್ಮಿನಲ್ಲಿ ತುಂಬಿ ಶಿರ್ವದ ದಾರಿಯಾಗಿ ಕಾಪುವಿಗೆ ಒಯ್ಯುತ್ತಿದ್ದವನು ಆಸ್ಯಾಳ ಗಂಡ ಮಮ್ಮು. ಅಲ್ಲಿ ಮೀನುಗಾರರು ಅದನ್ನು ದೋಣಿಯ ಹೊಟ್ಟೆಗೆ ಹಚ್ಚುತ್ತಿದ್ದರು. ಹಚ್ಚಿದ ಮರಕ್ಕೆ ಹುಳ ಬೀಳದು, ಉಪ್ಪುನೀರು ತಾಗದು. ಒಮ್ಮೆ ಮಮ್ಮುವಿನ ಗೂಡ್ಸ್ ರಿಕ್ಷಾದಲ್ಲಿ ಕಾಪು ಬೀಚಿಗೆ ಹೋಗಿದ್ದಾಗ ಯಂಕವ್ವ ದೀಪಸ್ತಂಭದ ಕಡೆ ತಿರುಗಿಯೂ ನೋಡದೆ ಸಾಲಾಗಿ ಕವುಚಿದ್ದ ಕಪ್ಪು ದೋಣಿಗಳನ್ನೇ ನೋಡಿದ್ದಳು. ತನ್ನ ಬೆರಳಿನದ್ದೇ ಬಣ್ಣ. "ಇವೆಲ್ಲಾ ನಮ್ಮವs" ಎಂದಿದ್ದಳು.

ಹೋದ ವರ್ಷ ಮಮ್ಮುವಿನ ಡ್ರಮ್ಮು ಖಾಲಿ ಉಳಿಯಿತು. ದೊಡ್ಡ ದೇಶಗಳು ಗೇರ್ ಬದಲಿಸಿದ್ದರಿಂದ ಕುಕ್ಕುಂದೂರಿನ ಗೇರೂ ಬದಲಾಗಿತ್ತು. ಫ್ಯಾಕ್ಟರಿಯ ಹಿಂದೆ ಹೊಸ ಎಣ್ಣೆ ಘಟಕ ಎದ್ದಿತು. ಸುತ್ತ ಮುಳ್ಳುತಂತಿ, ಮೂಲೆಮೂಲೆಗೆ ಕ್ಯಾಮೆರಾ, ಗೇಟಿನಲ್ಲಿ ಅಡ್ಡದಂಡ. ಒಂದು ಸೋಮವಾರ ಮ್ಯಾನೇಜರ್ ಲೆಸ್ಟರ್ ಎಲ್ಲ ಹೆಂಗಸರನ್ನೂ ಒಣಹಾಕುವ ಅಂಗಳದಲ್ಲಿ ಸೇರಿಸಿದರು. ಲೆಸ್ಟರ್ ಮೃದು ಮನುಷ್ಯ. ಬೈಯಬೇಕಾದಾಗ ನೋಟೀಸ್ ಬೋರ್ಡಿಗೆ ಬೈಯುವ ಜಾತಿ.

"ನಮ್ಮ ಎಣ್ಣೆ ಈಗ ದೇಶದ ರಕ್ಷಣೆಗೆ ಹೋಗ್ತದೆ. ಕ್ಷಿಪಣಿಗೆ," ಎಂದರು.

"ಸಿಪ್ಪೆಯದ್ದಾ?" ಆಸ್ಯಾ ಕೇಳಿದಳು.

"ಸಿಪ್ಪೆಯದ್ದೇ. ನೋಡಿ, ಶಬ್ದಕ್ಕಿಂತ ಐದು ಪಟ್ಟು ವೇಗ ಹೋಗುವಂಥದ್ದು ಅವರ ಹತ್ತಿರ ಉಂಟು. ಹಾಗಾಗಿ ನಮಗೆ ಆರು ಪಟ್ಟಿನದ್ದು ಬೇಕು. ಅಷ್ಟು ವೇಗ ಹೋದರೆ ಅದರ ಮೂತಿ ಕರಗಿಹೋಗ್ತದೆ. ಕರಗದ ಹಾಗೆ ಒಂದು ಲೇಪ ಉಂಟು. ಆ ಲೇಪಕ್ಕೆ ನಮ್ಮ ಎಣ್ಣೆ."

"ನಾವು ಆರು ಮಾಡಿದ್ದು ಗೊತ್ತಾದ್ರ ಅವ್ರು ಸುಮ್ನ ಕೂಡ್ತಾರೇನ್ರಿ ಸಾರ್?" ಯಂಕವ್ವ ಕೇಳಿದಳು.

"ಅವರು ಏಳಕ್ಕೆ ಹೋಗ್ತಾರೆ."

"ಆಮ್ಯಾಲ?"

"ಆಮೇಲೆ ನಾವು ಎಂಟು."

"ಎಲ್ಲೀತನಕ?"

ಲೆಸ್ಟರ್ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ನೋಡಿದರು. "ಅದು ಆರ್ಡರಿನಲ್ಲಿ ಬರೆದಿಲ್ಲ ಮಾರಾಯ್ತಿ."

"ಅವ್ರ ಲೇಪಕ್ಕ ಎಣ್ಣಿ ಎಲ್ಲೀದು?"

"ಅವರು ಆಫ್ರಿಕಾದಿಂದ ತರಿಸ್ತಾರೆ ಇರಬೇಕು."

"ಸಾರ್, ನಮ್ಮ ಬೀಜವೂ ಆಫ್ರಿಕಾದ್ದೇ ಅಲ್ವಾ?" ಎಂದಳು ಆಸ್ಯಾ. "ಚೀಲದ ಮೇಲೆ ಆನೆ ಚಿತ್ರ ಉಂಟು."

ಹೆಂಗಸರು ನಕ್ಕರು. ಲೆಸ್ಟರ್ ನೋಟೀಸ್ ಬೋರ್ಡನ್ನು ಒಮ್ಮೆ ದಿಟ್ಟಿಸಿ ವಿಷಯಕ್ಕೆ ಬಂದರು. ಇನ್ನು ಮುಂದೆ ಬೇಲಿಯೊಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಪಾಸು ಬೇಕು. ಪಾಸಿಗೆ ಹತ್ತು ಬೆರಳಿನ ಗುರುತು ಕೊಡಬೇಕು. ಒಮ್ಮೆ ಕೊಟ್ಟರೆ ಸಾಕು, ಮತ್ತೆ ಕಾರ್ಡು ತೋರಿಸಿ ಒಳಗೆ ಬಂದರಾಯಿತು. ಪಾಸು ಇಲ್ಲದವರಿಗೆ ಗೇಟು ಇಲ್ಲ.

ಮೂರನೇ ದಿನ ಉಡುಪಿಯಿಂದ ಏಜೆನ್ಸಿಯ ಜಿತೇಂದ್ರ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ. ಪೆಟ್ಟಿಗೆಗೆ ಗಾಜಿನ ಬಾಯಿ, ಹಸಿರು ಕಣ್ಣು, ಒಳಗೊಬ್ಬಳು ಇಂಗ್ಲಿಷ್ ಹೆಂಗಸು. ಸುಲಿಯುವವರದು ಸರಾಗ ಆಯಿತು. ಕಟ್ಟಿಂಗ್ ಮಷಿನಿನವರದು ಉಜ್ಜಿ, ಒರೆಸಿ, ನಾಲ್ಕೈದು ಸಲಕ್ಕೆ ಸಿಕ್ಕಿತು. ಹಳೆಯ ಕೊಡತಿಯವರು ಇಬ್ಬರೇ. ಬರ್ತಾ ಬಾಯಿ, ಮಗಳ ಮನೆಗೆ ಹೋಗಲು ನೆವ ಸಿಕ್ಕಿತೆಂದು ಪೆಟ್ಟಿಗೆ ಮುಟ್ಟದೆಯೇ ಹೊರಟುಹೋದಳು. ಉಳಿದದ್ದು ಯಂಕವ್ವ.

"ಪ್ಲೀಸ್ ಟ್ರೈ ಅಗೇನ್," ಎಂದಳು ಒಳಗಿನವಳು.

"ಹೂಂನವಾ," ಎಂದು ಯಂಕವ್ವ ಇನ್ನೊಂದು ಬೆರಳು ಇಟ್ಟಳು.

"ಪ್ಲೀಸ್ ಟ್ರೈ ಅಗೇನ್."

ಹತ್ತು ಬೆರಳೂ ಮುಗಿದವು. ಜಿತೇಂದ್ರ ಅವಳ ಕೈಯನ್ನು ತಿರುಗಿಸಿ ನೋಡಿದ. "ಎಂತ ಅಮ್ಮಾ ಇದು? ಗಾಜಿನ ಮೇಲೆ ಗಾಜು ಇಟ್ಟ ಹಾಗೆ ಆಗ್ತದೆ. ಒಂದು ಗೆರೆ ಇಲ್ಲ."

ದೇಶಕ್ಕೆ ಗಡಿರೇಖೆಯ ಚಿಂತೆ, ಯಂಕವ್ವನಿಗೆ ಬೆರಳರೇಖೆಯ ಚಿಂತೆ. ಯಾವ ಎಣ್ಣೆಗಾಗಿ ಈ ಬೇಲಿ ಎದ್ದಿತ್ತೋ ಅದೇ ಎಣ್ಣೆ ಬೆರಳನ್ನು ತಿಂದಿತ್ತು. ಲೆಸ್ಟರ್ ಎರಡು ದಿನ ಫೋನು ಮಾಡಿ, ಕಾಲು ಹಿಡಿಯುವುದೊಂದು ಬಾಕಿ ಇಟ್ಟು, ಒಂದು ಅವಕಾಶ ತಂದರು. ಮೂರು ವಾರ. ಆಮೇಲೆ ಜಿತೇಂದ್ರ ಕೊನೆಯ ಸಲ ಬರುತ್ತಾನೆ, ಅಂದಿಗೆ ಪಟ್ಟಿ ಮುಚ್ಚುತ್ತದೆ.

"ಮನೆಯಲ್ಲಿ ಕೂತು ಬೆರಳು ಬೆಳೆಸಿಕೊಂಡು ಬಾ ಯಂಕವ್ವ," ಎಂದರು. "ಒಂದು ಬೀಜ ಮುಟ್ಟಬೇಡ." ಜೊತೆಗೆ ಒಂದು ಕಾಗದವನ್ನೂ ಬೋರ್ಡಿಗೆ ಅಂಟಿಸಿದರು. ಬೆರಳು ಹೇಗಿರಬೇಕು, ಹೇಗಿರಬಾರದು ಎಂದು ಅದರಲ್ಲಿ ಹದಿನಾಲ್ಕು ಅಂಶಗಳಿದ್ದವು. ಎಲ್ಲವೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಶೆಡ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಉತ್ತರ ದಕ್ಷಿಣದ ಎರಡೂ ಕನ್ನಡ ಬಲ್ಲವರಿದ್ದರು. ದೇಶದ ಭದ್ರತೆಗೆ ಆ ಐದೂ ಸಾಕಾಗಲಿಲ್ಲ.

ಯಂಕವ್ವ ಮಣಿಪಾಲಕ್ಕೆ ಬಸ್ಸು ಹತ್ತಿ ಚರ್ಮದ ಡಾಕ್ಟರಿಗೆ ಕೈ ತೋರಿಸಿದಳು. ಶಾರ್ಲೆಟ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಕೈಯನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆ ಎಣ್ಣೆ ಮುಟ್ಟುವ ಕೆಲಸ ಬಿಟ್ಟುಬಿಡಿ ಅಮ್ಮಾ, ಗೆರೆ ತಾನಾಗಿಯೇ ಬರ್ತದೆ."

"ಗೆರಿ ಬಂದ್ರ ಆ ಎಣ್ಣಿ ಮುಟ್ಟಾಕ ಬಿಡ್ತಾರ್ರಿ ಅವ್ವಾರ. ಅದಕ್ಕs ಗೆರಿ ಬೇಕಾಗೇತಿ."

ಡಾಕ್ಟರು ಪೆನ್ನು ಎತ್ತಿದವರು ಕೆಳಗಿಟ್ಟರು. ಮತ್ತೆ ಎತ್ತಿ ಒಂದು ಮುಲಾಮು ಬರೆದುಕೊಟ್ಟರು.

ಹೀಗೆ ಬೆರಳ ಬೇಸಾಯ ಶುರುವಾಯಿತು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲ ಬೀರಪ್ಪನ ಒಂದು ಕೈಗೆ ಬಿತ್ತು. ತೊಳೆದ ಪಾತ್ರೆಗಿಂತ ಒಡೆದ ಬಸಿಯೇ ಹೆಚ್ಚಾಯಿತು. ಪ್ರತಿ ಬೆಳಿಗ್ಗೆ ಚಾ ಕುಡಿದ ಮೇಲೆ ಬೀರಪ್ಪ ಅಂಗಳಕ್ಕೆ ಬಂದು, ಓದುವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದ. ಮದುವೆಯಾದಾಗ ಕೂಡ ಅವನು ಅವಳ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ.

"ಕಿರಿಬೆರಳಾಗ ಮೊಳಕಿ ಬಂದೈತಿ," ಎನ್ನುತ್ತಿದ್ದ.

"ಖರೇನ? ಇಲ್ಲಾ ನಿಮ್ಮ ಕನ್ನಡಕದಾಗಿನ ಗೀರೇನು?"

ಎರಡನೇ ವಾರ ಕಪ್ಪು ಪೊರೆ ಹಾವಿನ ಪೊರೆಯಂತೆ ಬಿಟ್ಟುಕೊಂಡಿತು. ಒಳಗಿನಿಂದ ಎಳೆಯ ಚರ್ಮ ಬಂತು, ಬೇರೆ ಯಾರದೋ ಬೆರಳಿನ ಹಾಗೆ. ಯಂಕವ್ವನಿಗೆ ಇದ್ದಕ್ಕಿದ್ದಂತೆ ಎಲ್ಲವೂ ಕೈಗೆ ತಿಳಿಯತೊಡಗಿತು. ಸೀರೆಯ ಅಂಚಿನಲ್ಲಿ ನೂಲು ಎದ್ದಿರುವುದು, ಅಕ್ಕಿಯಲ್ಲಿ ನುಚ್ಚು ಇರುವುದು, ಗೋಡೆಯ ಸುಣ್ಣ ಒರಟಾಗಿರುವುದು. ಒಂದು ಮಧ್ಯಾಹ್ನ ಮಲಗಿದ್ದ ಬೀರಪ್ಪನ ಗಲ್ಲದ ಮೇಲೆ ಸುಮ್ಮನೆ ಬೆರಳಾಡಿಸಿ, "ಗಡ್ಡ ಇಷ್ಟು ಚುಚ್ಚತದೇನ್ರೀ ನಿಮ್ದು?" ಎಂದಳು. ಅವನು ಕಣ್ಣು ಮುಚ್ಚಿಕೊಂಡೇ, "ಇಪ್ಪತ್ತೊರ್ಸದಿಂದ ಚುಚ್ಚತೈತಿ, ನೀ ಈಗ ಬಂದಿ" ಎಂದ.

ಇಪ್ಪತ್ತನೇ ದಿನ ಬೀರಪ್ಪ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ಕೂಗಿದ. "ಏ ಇವಳ, ಶಂಖ!"

ಯಂಕವ್ವ ನೋಡಿದಳು. ಸಣ್ಣ ಸಣ್ಣ ಗೆರೆಗಳು ಒಂದರ ಹಿಂದೆ ಒಂದು ಸುತ್ತಿ ಸುತ್ತಿ ಒಂದು ಬಿಂದುವಿನಲ್ಲಿ ನಿಂತಿದ್ದವು. ಸೋದರತ್ತೆ ಹೋಗಿ ಹತ್ತು ವರ್ಷವಾಗಿತ್ತು. ಶಂಖ ವಾಪಸು ಬಂದಿತ್ತು.

ಅದೇ ದಿನ ಸಂಜೆ ಆರಕ್ಕೆ ಆಸ್ಯಾ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದಳು.

"ನಾಳೆ ಪಾಸು ಸಿಗ್ತದೆ, ನಾಡಿದ್ದಿನಿಂದ ಮಣೆ. ಇಷ್ಟು ಎಳೆ ಚರ್ಮ ಇಟ್ಟುಕೊಂಡು ನೀವು ಹೇಗೆ ಕೂರುವುದು ಯಂಕಕ್ಕ? ಮೊದಲ ಬೀಜಕ್ಕೇ ಬೊಬ್ಬೆ ಬರ್ತದೆ. ಕೈ ಕೊಡಿ."

ಯಂಕವ್ವ ಕೈ ಕೊಟ್ಟಳು. ಮೂರು ವಾರ ತಪ್ಪಿಹೋಗಿದ್ದ ಮಾತೆಲ್ಲ ಅಂದು ಆಯಿತು. ಗ್ರೇಡಿಂಗಿನ ಮ್ಯಾಗ್ಡಲಿನ್ ಹೊಸ ಹಲ್ಲು ಕಟ್ಟಿಸಿದ್ದು, ಕಾಪುವಿನಲ್ಲಿ ದೋಣಿಯವರು ಎಣ್ಣೆ ಇಲ್ಲದೆ ಯಾವುದೋ ಡಬ್ಬಿಯ ಪೈಂಟು ಹಚ್ಚಿ ಮಮ್ಮುವಿಗೆ ಬಯ್ಯುತ್ತಿರುವುದು. "ನಿಮ್ಮ ರಾಕೆಟಿಗೆ ಹುಳ ಬೀಳ್ತದಾ, ನಮ್ಮ ದೋಣಿಗೆ ಬೀಳ್ತದೆ ಅಂತ ಕೇಳ್ತಾರಂತೆ. ಇವರು ಎಂತ ಹೇಳುವುದು?" ಹತ್ತು ಟೊಪ್ಪಿಗಳೂ ಚಂದವಾಗಿ ಕೂತವು. ಬೀರಪ್ಪನೂ ಪಕ್ಕದಲ್ಲಿ ಕುಳಿತು ನೋಡಿದ. ಅವನಿಗೂ ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ತೊಳೆದಾಗ ಬೆರಳ ತುದಿಗಳು ಒಣಗಿದ ಕೋಕಮ್ಮಿನ ಬಣ್ಣಕ್ಕೆ ತಿರುಗಿದ್ದವು. ಚೆನ್ನಾಗಿ ಹತ್ತಿದೆ ಎಂದು ಇಬ್ಬರಿಗೂ ಖುಷಿ.

ಜಿತೇಂದ್ರ ನೋಡಿದವನೇ ಕುರ್ಚಿಯಿಂದ ಎದ್ದ.

"ಅಮ್ಮಾ! ಎಂತ ಮಾಡಿದ್ದು ನೀವು? ಬೋರ್ಡಿನಲ್ಲಿ ಹಾಕಿರಲಿಲ್ವಾ, ಒಂಬತ್ತನೇ ಪಾಯಿಂಟು, ಬೆರಳಿಗೆ ಬಣ್ಣ ಇರಬಾರದು ಅಂತ?"

"ಬಣ್ಣ ಅಲ್ರೀ ಇದು, ಮದರಂಗಿ."

ಲೆಸ್ಟರ್ ಲಿಂಬೆಹಣ್ಣು ತರಿಸಿದರು, ಸೋಪು ತರಿಸಿದರು, ಒಂದು ಹಂತದಲ್ಲಿ ತಾವೇ ಕರವಸ್ತ್ರ ಹಿಡಿದು ಉಜ್ಜಿದರು. ಮದರಂಗಿಗೆ ರಾಷ್ಟ್ರೀಯ ಹಿತಾಸಕ್ತಿ ಅರ್ಥವಾಗಲಿಲ್ಲ. ಪೆಟ್ಟಿಗೆಯೊಳಗಿನ ಹೆಂಗಸು ಎಂಟು ಬೆರಳಿಗೆ ಟ್ರೈ ಅಗೇನ್ ಎಂದಳು. ಒಂಬತ್ತನೆಯದು ಬಲಗೈ ಹೆಬ್ಬೆರಳು. ಹಸಿರು ಕಣ್ಣು ಮಿಣುಕಿ, "ಥ್ಯಾಂಕ್ ಯೂ" ಎಂದಿತು. ತೆರೆಯ ಮೇಲೆ ಶಂಖ ಮೂಡಿತ್ತು, ಸುತ್ತಿಗೆ ಸುತ್ತು ಸರಿಯಾಗಿ.

"ಬಂತಲ್ಲಾ!" ಎಂದರು ಲೆಸ್ಟರ್.

"ಒಂದು ಬಂದರೆ ಆಗುವುದಿಲ್ಲ ಸರ್, ಹತ್ತರಲ್ಲಿ ಆರಾದರೂ ಬೇಕು. ಮತ್ತೆ ಬೆರಳಿನ ಫೋಟೋ ಸಹ ಕಳಿಸ್ಲಿಕ್ಕುಂಟು. ಫೋಟೋದಲ್ಲಿ ಬಣ್ಣ ಕಂಡರೆ ಅಲ್ಲಿ ರಿಜೆಕ್ಟ್ ಮಾಡ್ತಾರೆ. ಯಾರೋ ಗುರುತು ಮುಚ್ಚಿಕೊಂಡು ಬಂದಿದ್ದಾರೆ ಅಂತ ನನ್ನ ತಲೆಗೆ ಕಟ್ತಾರೆ."

"ಇನ್ನೊಂದು ವಾರ ಕೊಡ್ರಿ, ಬಣ್ಣ ಹೋಗ್ತದ," ಎಂದಳು ಯಂಕವ್ವ. "ಗೆರಿ ಬಂದಾವ್ರಿ. ಒಳಗ ಅದಾವು."

"ಪಟ್ಟಿ ಇವತ್ತು ಸಂಜೆ ಮುಚ್ತದೆ ಅಮ್ಮಾ. ನನ್ನ ಕೈಯಲ್ಲಿ ಎಂತದೂ ಇಲ್ಲ."

"ಹೊರಗೆ ಅಂಗಳ ಗುಡಿಸ್ಲಿಕ್ಕಾದರೂ..." ಎಂದು ಲೆಸ್ಟರ್ ಶುರುಮಾಡಿ, ಅಂಗಳವೂ ಬೇಲಿಯ ಒಳಗೇ ಇದೆ ಎಂಬುದು ನೆನಪಾಗಿ ನಿಲ್ಲಿಸಿದರು. "ನಾನು ಎಂತ ಮಾಡಲಿ ಯಂಕವ್ವ? ನೀನೇ ಹೇಳು." ಅವಳು ಕೊಡತಿಯನ್ನೊಂದು ಕೊಡಿ ಎಂದು ಕೇಳಿದಳು. ಅದು ಅವಳದ್ದೇ, ಊರಿನಿಂದ ತಂದದ್ದು. ಲೆಸ್ಟರ್ ತಾವೇ ಶೆಡ್ಡಿಗೆ ಹೋಗಿ ತಂದುಕೊಟ್ಟರು.

ಗೇಟಿನಾಚೆ ಆಸ್ಯಾ ಕಾಯುತ್ತಿದ್ದಳು. ಮುಖ ನೋಡಿಯೇ ಗೊತ್ತಾಯಿತು.

"ಮದರಂಗಿಯಿಂದಲಾ ಯಂಕಕ್ಕ? ಒಳಗೆ ಹಾಗೆ ಮಾತಾಡ್ತಾ ಇದ್ದರು. ನನ್ನಿಂದಲಾ?"

ಯಂಕವ್ವ ಎರಡೂ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. "ಅಲ್ಲ ಬಿಡು. ಗೆರಿನೇ ಬಂದಿರಲಿಲ್ಲ. ಇವಕ್ಕ ಮೂರು ವಾರ ಸಾಲೂದಿಲ್ಲ ಅಂತ."

"ಬಂದಿತ್ತಲ್ಲ? ಬೀರಪ್ಪಣ್ಣ ಹೇಳಿದ್ದರಲ್ಲ, ಶಂಖ ಅಂತ?"

"ಅವ್ರ ಕನ್ನಡಕ ನಿನಗ ಗೊತ್ತಿಲ್ಲೇನು."

ಆಸ್ಯಾ ನಂಬಿದಳೋ, ನಂಬಬೇಕೆಂದು ನಂಬಿದಳೋ, ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಅವಳ ಹಿಂದೆಯೇ ಎಣ್ಣೆಯ ಟ್ಯಾಂಕರು ಹೊರಗೆ ಬಂತು. ಕಾವಲಿನವನು ಅದರ ನಂಬರು ನೋಡಿ ಅಡ್ಡದಂಡ ಎತ್ತಿದ. ಯಂಕವ್ವ ರಸ್ತೆಯ ಬದಿಗೆ ಸರಿದು ದಾರಿ ಬಿಟ್ಟಳು.

ಮುಂದಿನ ದಿನಗಳಲ್ಲಿ ಅವಳು ಕಾರ್ಕಳ ಪೇಟೆಯಲ್ಲಿ ಎರಡು ಹೋಟೆಲು, ಒಂದು ಮದುವೆ ಛತ್ರದಲ್ಲಿ ಕೆಲಸ ಕೇಳಿಬಂದಳು. ಕಟಪಾಡಿಯ ಒಂದು ಕ್ಯಾಂಟೀನಿನವರೆಗೂ ಹೋದಳು. ಎಲ್ಲ ಕಡೆ ಚಿಕ್ಕ ವಯಸ್ಸಿನವರು ಬೇಕಿತ್ತು. ಮದರಂಗಿ ದಿನದಿನಕ್ಕೆ ಮಾಸಿತು. ಹಳದಿಯಾಗಿ, ನಸುಹಳದಿಯಾಗಿ, ಕೊನೆಗೆ ಉಗುರಿನ ಅಂಚಿನಲ್ಲಷ್ಟೇ ಉಳಿಯಿತು. ಹತ್ತು ಬೆರಳಲ್ಲೂ ಗೆರೆಗಳು ಅಚ್ಚು ಹಾಕಿದಂತೆ ನಿಂತವು. ಒತ್ತಲು ಮಾತ್ರ ಎಲ್ಲೂ ಜಾಗವಿರಲಿಲ್ಲ. ಬೀರಪ್ಪ ಬೆಳಗಿನ ಪರೀಕ್ಷೆ ನಿಲ್ಲಿಸಿಬಿಟ್ಟಿದ್ದ.

ಒಂದು ಶುಕ್ರವಾರ ಮಮ್ಮುವಿನ ಗೂಡ್ಸ್ ರಿಕ್ಷಾ ಮನೆಯೆದುರು ನಿಂತಿತು. ಹಿಂದೆ ಡ್ರಮ್ಮಿರಲಿಲ್ಲ. ಆನೆ ಚಿತ್ರದ ಚೀಲಗಳಿದ್ದವು.

"ಆಸ್ಯಾ ಕಳಿಸಿದ್ದು," ಎಂದ ಮಮ್ಮು. "ಫ್ಯಾಕ್ಟರಿಯವರು ಮನೆಮನೆಗೆ ಬೀಜ ಕೊಡ್ಲಿಕ್ಕೆ ಶುರು ಮಾಡಿದ್ದಾರೆ, ಕಂಟ್ರಾಕ್ಟಿನಲ್ಲಿ. ಎಣ್ಣೆ ಹೋಯಿತು, ಈಗ ನನ್ನದು ಇದೇ ಬಾಡಿಗೆ. ಗೇಟಿಲ್ಲ, ಪಾಸಿಲ್ಲ, ಮಷಿನಿಲ್ಲ. ನೀವು ಇಲ್ಲೇ ಕೂತು ಒಡೆಯಿರಿ. ಬೀಜ ಒಂದು ಚೀಲಕ್ಕೆ, ಸಿಪ್ಪೆ ಒಂದು ಚೀಲಕ್ಕೆ."

"ಸಿಪ್ಪಿ ಎಲ್ಲಿಗೆ ಹೊಕ್ಕಾವು ಮಮ್ಮಣ್ಣ?"

"ಎಲ್ಲಿಗೆ ಎಂತ, ಫ್ಯಾಕ್ಟರಿಗೇ. ಎಣ್ಣೆಗೆ. ಈಗ ಎಷ್ಟು ಸಿಪ್ಪೆ ಕೊಟ್ಟರೂ ಸಾಲುವುದಿಲ್ಲ ಅವರಿಗೆ." ಮಮ್ಮು ಚೀಲ ಇಳಿಸುತ್ತಾ ಹೇಳಿದ. "ಅವರು ಏಳು ಮಾಡಿದರಂತೆ ಮಾರಾಯ್ತಿ."

ಬೀರಪ್ಪ ನಕ್ಕ. ನಗು ಶುರುವಾದಲ್ಲೇ ನಿಂತಿತು. ಇಪ್ಪತ್ತೊಂದು ವರ್ಷ ಒಳಗೆ ಕೂತು ಒಡೆದವಳನ್ನು ಯಾರೆಂದು ಗೊತ್ತಿಲ್ಲವೆಂದು ಹೊರಗಿಟ್ಟವರು, ಈಗ ಯಾರೆಂದು ಕೇಳದೆಯೇ ಅವಳ ಮನೆ ಬಾಗಿಲಿಗೆ ಬೀಜ ಕಳಿಸಿದ್ದರು.

ಹೋಗುವಾಗ ಮಮ್ಮು ಸೀಟಿನ ಕೆಳಗಿನಿಂದ ಸ್ಟೀಲಿನ ಡಬ್ಬಿ ತೆಗೆದುಕೊಟ್ಟ. "ಇದೂ ಅವಳೇ ಕೊಟ್ಟದ್ದು. ಎಳೆ ಚರ್ಮಕ್ಕೆ ಹಚ್ಚದೆ ಕೂರಬೇಡಿ ಅಂದಿದ್ದಾಳೆ."

ಯಂಕವ್ವ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಸೀರೆ ಸರಿಮಾಡಿಕೊಂಡಳು. ಕಾರ್ಡು ತೆಗೆದುಕೊಂಡಳು.

"ಎಲ್ಲಿಗೆ?" ಎಂದ ಬೀರಪ್ಪ.

"ರೇಷನ್ ತರಾಕ."

"ನಾ ಹೋಗ್ತಿದ್ನೆಲ್ಲ?"

"ಈ ಸಲ ನಾ ಹೋಗ್ತೀನಿ."

ಅಂಗಡಿಯಲ್ಲಿ ನಾಲ್ಕು ಜನರ ಹಿಂದೆ ನಿಂತಳು. ಅಂಗಡಿಯವನು ಅವಳನ್ನು ಕಂಡು, "ನಿಮ್ಮದು ತೆಗೆದುಕೊಳ್ಳುವುದಿಲ್ಲ ಅಮ್ಮಾ, ಯಜಮಾನರನ್ನು ಕಳಿಸಿ" ಎನ್ನುವಷ್ಟರಲ್ಲಿ ಯಂಕವ್ವ ಬಲಗೈ ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟಾಗಿತ್ತು. ಮಷಿನು ಒಂದೇ ಸಲಕ್ಕೆ ಟಿಣ್ ಎಂದಿತು. ತೆರೆಯ ಮೇಲೆ ಅವಳ ಹೆಸರು, ವಯಸ್ಸು, ಊರು ಎಲ್ಲವೂ ಬಂತು. ಅಂಗಡಿಯವನು ಹುಬ್ಬೇರಿಸಿದ. ಹಿಂದಿನವರು ಮುಂದೆ ನೂಕಿದರು. ಅವಳು ಬೆರಳು ತೆಗೆಯಲು ಸ್ವಲ್ಪ ತಡ ಮಾಡಿದಳು.

ಮನೆಗೆ ಬಂದು ಅಕ್ಕಿಯನ್ನು ಒಳಗಿಟ್ಟು, ಜಗಲಿಯ ಮೇಲೆ ಕುಳಿತು ಹತ್ತೂ ಬೆರಳನ್ನು ಬೀರಪ್ಪನ ಮುಂದೆ ಚಾಚಿದಳು. ಅವನು ಒಂದೇ ಕೈಯಲ್ಲಿ ಡಬ್ಬಿ ತೆರೆದು ಕಿರಿಬೆರಳಿನಿಂದ ಶುರುಮಾಡಿದ. ಆಸ್ಯಾಳಷ್ಟು ಚಂದ ಬರಲಿಲ್ಲ, ಟೊಪ್ಪಿಗಳು ಸೊಟ್ಟಗಾದವು. ಬಲಗೈ ಹೆಬ್ಬೆರಳಿಗೆ ಬಂದಾಗ ನಿಂತ.

"ಇದಕ್ಕೂ?"

"ಅದಕ್ಕ ಚೂರು ದಪ್ಪ ಹಚ್ಚರಿ," ಎಂದಳು ಯಂಕವ್ವ. "ಮೊದಲ ಉರಿಯೂದು ಅದs."